ನಗದು ಮಾರ್ಟಿಗೆ, ಉದ್ರಿ ಮಗ್ಗುಲಂಗಡಿಗೆ

ನಮ್ಮ ಈ ವಾರಪತ್ರಿಕೆಯನ್ನು ಓದುವವರಲ್ಲಿ ಗಿರಣಿಯ ಕೂಲಿಕಾರರೂ ಇದ್ದಾರೆ, ಸಣ್ಣ ಕಿರಾಣಿ ಅಂಗಡಿಯವರೂ ಇದ್ದಾರೆ. ಈಚೆಗೆ ಇಬ್ಬರೂ ಒಬ್ಬರನ್ನೊಬ್ಬರು ದೂರತೊಡಗಿದ್ದಾರೆ. ಅಂಗಡಿಯವನು ಹೇಳುತ್ತಾನೆ: "ಬಟವಡೆ ಆದ ದಿನ ಗಿರಾಕಿ ನನ್ನ ಕಟ್ಟೆಯ ಮುಂದಿನಿಂದಲೇ ಹಾದು ಹೋಗಿ ಬಸ್ಸು ಹತ್ತುತ್ತಾನೆ. ರೊಕ್ಕ ತೀರಿದ ಮೇಲೆ ಉದ್ರಿ ಕೇಳಲು ನನ್ನ ಹತ್ತಿರ ಬರುತ್ತಾನೆ." ಕೂಲಿಕಾರ ಹೇಳುತ್ತಾನೆ: "ಮಾರ್ಟಿನಲ್ಲಿ ಬೇಳೆ ಸ್ವಚ್ಛ ಇರುತ್ತದೆ, ತೂಕ ಸರಿ ಇರುತ್ತದೆ, ಎರಡು ರೂಪಾಯಿ ಸೋವಿಯೂ ಸಿಗುತ್ತದೆ. ತುಟ್ಟಿ ಕೊಟ್ಟು ಕಲ್ಲು ಆರಿಸುವ ಹರಕೆ ನನಗೇನಿದೆ?" ಇಬ್ಬರ ಮಾತೂ ಸುಳ್ಳಲ್ಲ. ಆದರೆ ಇಬ್ಬರೂ ಪೂರ್ತಿ ಲೆಕ್ಕ ಹಾಕಿಲ್ಲ. ಹಾಕಿ ನೋಡೋಣ.

ಗಾಜಿನ ಬಾಗಿಲು, ತಂಪುಗಾಳಿ, ಸಾಲಾಗಿ ಜೋಡಿಸಿದ ಪೊಟ್ಟಣಗಳು ಇವೆಲ್ಲ ನಮ್ಮಂಥವರಿಗಲ್ಲ ಎಂಬ ಅಂಜಿಕೆ ಸಾವಳಗಿಯಂಥ ಊರುಗಳ ಜನರಲ್ಲಿ ಇತ್ತು. ಅದು ಈಗ ಕಡಿಮೆಯಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೇಟಿನ ಖರ್ಚು ತಪ್ಪಿತು. ಅದೇ ವರ್ಷದ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಕೈಯಲ್ಲಿ ನಗದು, ಬಸ್ಸು ಪುಕ್ಕಟೆ; ಹೀಗಿರುವಾಗ ಜಮಖಂಡಿಗೋ ವಿಜಯಪುರಕ್ಕೋ ಹೋಗಿ ವಾರದ ಸಂತೆ ಮಾಡಿಕೊಂಡು ಬರೋಣ ಎಂದು ಅವಳಿಗೆ ಅನ್ನಿಸಿದರೆ ತಪ್ಪೇನು? ಹೆಣ್ಣುಮಗಳು ತನ್ನ ಕೈಯಾರೆ ಡಬ್ಬಿ ತಿರುಗಿಸಿ ನೋಡಿ, ಬೇಡವಾದರೆ ಹಿಂದಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಸಾಮಾನು ಆರಿಸುವ ಸ್ವಾತಂತ್ರ್ಯವನ್ನು ಹೀಯಾಳಿಸುವವರಲ್ಲಿ ನಾನಂತೂ ಒಬ್ಬನಲ್ಲ.

ಆದರೆ ಬಡವನ ಸಂಸಾರದಲ್ಲಿ ಹೊಟ್ಟೆಯ ಖರ್ಚು ಎಷ್ಟು ದೊಡ್ಡದು ಎಂಬುದನ್ನು ಮರೆಯುವಂತಿಲ್ಲ. ಭಾರತ ಸರಕಾರದ 2023–24ರ ಕುಟುಂಬ ಖರ್ಚಿನ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಯಲ್ಲಿ ನೂರು ರೂಪಾಯಿ ಖರ್ಚಾದರೆ ಸುಮಾರು 47 ರೂಪಾಯಿ ಆಹಾರಕ್ಕೇ ಹೋಗುತ್ತದೆ. ಪಟ್ಟಣದಲ್ಲಿ ಸುಮಾರು 40. ಆದಾಯ ಕಡಿಮೆಯಾದಷ್ಟೂ ಖರ್ಚಿನಲ್ಲಿ ಅನ್ನದ ಪಾಲು ಹೆಚ್ಚು ಎಂದು 1857ರಲ್ಲೇ ಜರ್ಮನಿಯ ಏಂಗೆಲ್ ಎಂಬ ಅಂಕಿಸಂಖ್ಯಾ ಪಂಡಿತ ತೋರಿಸಿದ್ದ. ಈತ ಮಾರ್ಕ್ಸನ ಗೆಳೆಯ ಏಂಗೆಲ್ಸ್ ಅಲ್ಲ, ಬೇರೆಯವನು. ನಮ್ಮ ಅಭ್ಯಾಸವರ್ಗಗಳಲ್ಲಿ ಈ ಗೊಂದಲ ಆಗಾಗ ಆಗುವುದರಿಂದ ಹೇಳಿದೆ. ಸಾಹೇಬರಿಗೆ ಬೇಳೆ ಕಿಲೋಗೆ ಇಪ್ಪತ್ತು ರೂಪಾಯಿ ಏರಿದರೆ ಗೊತ್ತೂ ಆಗುವುದಿಲ್ಲ. ಮಗ್ಗದವನ ಮನೆಯಲ್ಲಿ ಸಾರು ತೆಳ್ಳಗಾಗುತ್ತದೆ.

ಹಾಗಾದರೆ ಮಾರ್ಟು ಸೋವಿಯೋ ತುಟ್ಟಿಯೋ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಬೇಳೆ, ಸಕ್ಕರೆ, ಎಣ್ಣೆ ಇಂಥ ನಾಲ್ಕಾರು ಸಾಮಾನುಗಳ ಧಾರಣೆ ಪ್ರತಿಯೊಬ್ಬ ಗೃಹಿಣಿಗೂ ಬಾಯಿಪಾಠ ಇರುತ್ತದೆ. ಅವನ್ನು ಮಾರ್ಟಿನವರು ಇಳಿಸಿಯೇ ಮಾರುತ್ತಾರೆ, ಬಾಗಿಲಲ್ಲೇ ಫಲಕ ಹಾಕುತ್ತಾರೆ. ಲಾಭವಿರುವುದು ಧಾರಣೆ ಗೊತ್ತಿಲ್ಲದ ಸಾಮಾನುಗಳಲ್ಲಿ. ಬಣ್ಣಬಣ್ಣದ ಪೊಟ್ಟಣದ ಕುರುಕಲು, ಮಸಾಲೆ, ಪಾನಕ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಇಟ್ಟ ಚಾಕೊಲೇಟು. "ಎಂ.ಆರ್.ಪಿ.ಗಿಂತ 30 ರೂಪಾಯಿ ಕಡಿಮೆ" ಎಂದು ಬರೆದಿರುತ್ತಾರಲ್ಲ, ಆ ಎಂ.ಆರ್.ಪಿ.ಯನ್ನು ಬರೆದವರಾರು? ಸರಕಾರವಲ್ಲ. ಮಾಲು ಕಟ್ಟಿದ ಕಂಪನಿಯೇ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬುದಷ್ಟೇ ಕಾಯಿದೆ. ಮೊದಲು ಮೂವತ್ತು ಏರಿಸಿ ಬರೆದು ಆಮೇಲೆ ಮೂವತ್ತು ಇಳಿಸಿದರೆ ಉಪಕಾರವೇನಾಯಿತು? ಪೊಟ್ಟಣದ ಮೇಲೆ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಬಿತ್ತೆಂಬುದನ್ನೂ ಅಚ್ಚು ಹಾಕಬೇಕೆಂದು 2021ರಲ್ಲಿ ನಿಯಮಕ್ಕೆ ತಿದ್ದುಪಡಿ ತಂದಿದ್ದಾರೆ. ಅಕ್ಷರ ಇರುವೆಯಷ್ಟು ಸಣ್ಣದು, ಆದರೂ ಶಾಲೆಗೆ ಹೋಗುವ ಮಗಳಿಂದ ಓದಿಸಿರಿ. ಕಿಲೋದ ಪೊಟ್ಟಣಕ್ಕೂ ಐದು ರೂಪಾಯಿಯ ಪೊಟ್ಟಣಕ್ಕೂ ಇರುವ ಅಂತರ ಅಲ್ಲಿ ಬಯಲಾಗುತ್ತದೆ.

ಮತ್ತೆ ತೆರಿಗೆ. 2022ರ ಜುಲೈ 18ರಿಂದ 25 ಕಿಲೋದವರೆಗಿನ ಚೀಟಿ ಅಂಟಿಸಿದ ಪೊಟ್ಟಣದ ಅಕ್ಕಿ, ಬೇಳೆ, ಹಿಟ್ಟು, ಬೆಲ್ಲಗಳ ಮೇಲೆ ನೂರಕ್ಕೆ ಐದರಂತೆ ಜಿ.ಎಸ್.ಟಿ. ಹಾಕಿದರು. ಚೀಲದಿಂದ ತೂಗಿ ಕೊಟ್ಟ ಬಿಡಿ ಕಾಳಿಗೆ ತೆರಿಗೆ ಇಲ್ಲ. 25 ಕಿಲೋಗಿಂತ ದೊಡ್ಡ ಚೀಲವನ್ನು ಒಂದೇ ಸಲ ಒಯ್ಯುವ ಶಕ್ತಿವಂತನಿಗೂ ಇಲ್ಲ! ಕಿಲೋ ಎರಡು ಕಿಲೋ ಪೊಟ್ಟಣ ಒಯ್ಯುವವನೇ ಕೊಡಬೇಕು. 2025ರ ಸೆಪ್ಟೆಂಬರ್ 22ರಂದು ಬಿಸ್ಕೀಟು, ಸಾಬೂನುಗಳ ತೆರಿಗೆಯನ್ನು ಶೇಕಡಾ 18ರಿಂದ 5ಕ್ಕೆ ಇಳಿಸಿ ದೊಡ್ಡ ಸಂಭ್ರಮ ಮಾಡಿದರು. ಒಳ್ಳೆಯದೇ. ಆದರೆ ಪೊಟ್ಟಣದ ಹಿಟ್ಟಿಗೂ ಬಿಸ್ಕೀಟಿಗೂ ಒಂದೇ ತೆರಿಗೆ ಎಂಬುದು ಯಾವ ನ್ಯಾಯ?

ಈಗ ಒಂದು ಮನೆಯ ಲೆಕ್ಕವನ್ನು ಉದಾಹರಣೆಗೆಂದು ಹಿಡಿಯಿರಿ. ವಾರಕ್ಕೆ ಎರಡು ಕಿಲೋ ಬೇಳೆಯಲ್ಲಿ 20 ರೂಪಾಯಿ ಉಳಿಯಿತು, ಎಣ್ಣೆಯಲ್ಲಿ 10, ಸಕ್ಕರೆ ಸಾಬೂನುಗಳಲ್ಲಿ 10. ಒಟ್ಟು 40. ಚೀಲ ಹೊರಲು ಗಂಡನೂ ಜೊತೆಗೆ ಬಂದರೆ ಅವನಿಗೆ ಟಿಕೇಟು ಉಂಟು. ಮಕ್ಕಳು ಬಂದರೆ ಕುರುಕಲು ಉಂಟು. ಪಟ್ಟಿಯಲ್ಲಿ ಇಲ್ಲದ್ದೇನಾದರೂ ಒಂದು ತೊಟ್ಟಿಗೆ ಬೀಳದೆ ಇರುವುದಿಲ್ಲ, ಆ ತೊಟ್ಟಿ ಅಷ್ಟು ದೊಡ್ಡದಾಗಿರುವುದೇ ಅದಕ್ಕಾಗಿ. ಉಳಿದದ್ದು ಎಲ್ಲಿ ಹೋಯಿತು? ಮನಸ್ಸು ಗಟ್ಟಿ ಇರುವ ಹೆಣ್ಣುಮಗಳು ಒಬ್ಬಳೇ ಹೋಗಿ, ಪಟ್ಟಿಯಲ್ಲಿದ್ದಷ್ಟೇ ತಂದು, 40 ರೂಪಾಯಿ ಪೂರ್ತಿ ಉಳಿಸಿದಳೆಂದೇ ಹೇಳೋಣ. ವರ್ಷಕ್ಕೆ ಎರಡು ಸಾವಿರ ಚಿಲ್ಲರೆ. ಅದೇನು ಸಣ್ಣ ಮಾತಲ್ಲ. ಆದರೆ ಈ ಎರಡು ಸಾವಿರದ ಎದುರಿಗೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನೂ ತೂಗಬೇಕಲ್ಲವೇ?

ನಮ್ಮ ಕಡೆ ವರ್ಷಪೂರ್ತಿ ಸಮನಾಗಿ ಪಗಾರ ಬರುವ ಮನೆಗಳು ಎಷ್ಟು? ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಯ ಹಂಗಾಮಿ ಕಾರ್ಮಿಕನ ಕೈ ಖಾಲಿ. ರಬಕವಿ ಬನಹಟ್ಟಿಯಲ್ಲಿ ಸೀರೆಗೆ ಗಿರಾಕಿ ಇಲ್ಲವೆಂದರೆ ಮಗ್ಗ ನಿಲ್ಲುತ್ತದೆ, ಕಂಡಿಕೆ ಸುತ್ತುವ ಹೆಂಗಸಿನ ಕೂಲಿಯೂ ಅದರೊಡನೆ ನಿಲ್ಲುತ್ತದೆ. ಆ ದಿನಗಳಲ್ಲಿ "ಸಾವಕಾರ್ರ, ಈ ವಾರದ್ದು ಬರಕೋರಿ, ಮಗ್ಗ ಚಾಲೂ ಆದ ಕೂಡಲೆ ಕೊಡ್ತೀನಿ" ಎಂದು ಹೇಳಲು ಯಾರ ಬಾಗಿಲಿಗೆ ಹೋಗುತ್ತೀರಿ? ಮಾರ್ಟಿನ ಗಲ್ಲಾದ ಮೇಲೆ ಕೂತ ಹುಡುಗ ಒಳ್ಳೆಯವನೇ ಇರಬಹುದು, ಅವನೂ ತಿಂಗಳ ಪಗಾರದವನೇ. ಬರೆದುಕೊಳ್ಳಲು ಅವನ ಹತ್ತಿರ ಪುಸ್ತಕವೇ ಇಲ್ಲ. ಕಿರಾಣಿಯವನ ಉದ್ರಿಯೆಂದರೆ ಅಡವು ಇಲ್ಲದ, ಸಹಿ ಇಲ್ಲದ ಸಾಲ. ಅದು ತಪ್ಪಿದರೆ ಮುಂದಿನ ಬಾಗಿಲು ಯಾವುದೆಂಬುದು ನಮ್ಮ ಓಣಿಗಳಿಗೆ ಗೊತ್ತು. ಸಣ್ಣ ಸಾಲ ವಸೂಲಿ ಮಾಡುವವರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಜೋಳಕ್ಕಾಗಿ ಮೈಕ್ರೋಫೈನಾನ್ಸಿನ ಸಾಲ ಎತ್ತಿದರೆ ಮಾರ್ಟಿನಲ್ಲಿ ಉಳಿಸಿದ ಎರಡು ಸಾವಿರ ಬಡ್ಡಿಗೂ ಸಾಲುವುದಿಲ್ಲ.

ನಗದಿನ ವ್ಯಾಪಾರ ಮಾರ್ಟಿಗೆ, ಉದ್ರಿಯ ವ್ಯಾಪಾರ ಮಗ್ಗುಲಂಗಡಿಗೆ ಎಂದಾದರೆ ಆ ಅಂಗಡಿ ಬದುಕುವುದು ಹೇಗೆ? ಕಿರಾಣಿಯವನೂ ಠೋಕ ವ್ಯಾಪಾರಿಯ ಹತ್ತಿರ ಉದ್ರಿಯಲ್ಲೇ ಮಾಲು ತರುತ್ತಾನೆ; ಹೊತ್ತಿಗೆ ಸರಿಯಾಗಿ ತೀರಿಸದಿದ್ದರೆ ಮುಂದಿನ ಮಾಲು ತುಟ್ಟಿ ಬೀಳುತ್ತದೆ. ನಮ್ಮ ಉದ್ರಿ ನಿಂತಿರುವುದು ಅವನ ಉದ್ರಿಯ ಮೇಲೆ. ಡಿಮಾರ್ಟಿನಂಥ ದೊಡ್ಡ ಕಂಪನಿಯ ಗುಟ್ಟೇ ಇದಕ್ಕೆ ತದ್ವಿರುದ್ಧ. ಮಾಲು ಕೊಟ್ಟವನಿಗೆ ಬೇಗ ರೊಕ್ಕ ಕೊಟ್ಟು ಧಾರಣೆ ಇಳಿಸಿಕೊಳ್ಳುವುದು, ಬಹುಮಟ್ಟಿಗೆ ಸ್ವಂತ ಕಟ್ಟಡ ಕಟ್ಟಿ ಬಾಡಿಗೆ ತಪ್ಪಿಸುವುದು. ಅದರಲ್ಲಿ ಜಾದೂ ಏನೂ ಇಲ್ಲ, ಇರುವುದು ಬಂಡವಾಳ. ದೊಡ್ಡ ಅಂಗಡಿ ಎಂದೆಂದಿಗೂ ಇರುತ್ತದೆಂದು ನಂಬುವ ಹಾಗೂ ಇಲ್ಲ. 2001ರಲ್ಲಿ ಆರಂಭವಾಗಿ ದೇಶದ ತುಂಬ ಹಬ್ಬಿದ್ದ ಬಿಗ್ ಬಜಾರ್, ಅದರ ಒಡೆಯ ಕಂಪನಿ ಸಾಲದಲ್ಲಿ ಮುಳುಗಿ, 2022ರಲ್ಲಿ ಬಾಗಿಲು ಹಾಕಿತು. ಅಂಥದ್ದೊಂದು ನಮ್ಮ ಕಡೆ ಬಂದು ಹೋದರೆ, ನಡುವೆ ಮುಚ್ಚಿದ ಓಣಿಯ ಅಂಗಡಿಗಳು ಮತ್ತೆ ತೆರೆದಾವೆಯೇ?

ಇಷ್ಟು ಹೇಳಿದೆನೆಂದು ವ್ಯಾಪಾರಿ ಬಂಧುಗಳು ಹಿಗ್ಗಬೇಕಾಗಿಲ್ಲ. ಉದ್ರಿ ಗಿರಾಕಿಗೆ ಒಂದು ಧಾರಣೆ, ನಗದು ಗಿರಾಕಿಗೆ ಇನ್ನೊಂದು. ಹಳೆಯ ಬಾಕಿ ಇದ್ದವನಿಗೆ ನುಸಿ ಬಿದ್ದ ಬೇಳೆ. ಜನರ ಮುಂದೆ ಬಾಕಿ ಕೂಗಿ ಹೇಳಿ ಹೆಣ್ಣುಮಗಳನ್ನು ತಲೆ ತಗ್ಗಿಸುವಂತೆ ಮಾಡುವುದು. ಇವೆಲ್ಲ ನಮ್ಮ ಪೇಟೆಯಲ್ಲಿ ಇಲ್ಲವೆನ್ನುವ ಎದೆಗಾರಿಕೆ ಯಾರಿಗಿದೆ? ಮಾರ್ಟಿನ ತಂಪುಗಾಳಿಗಿಂತ ಅಲ್ಲಿ ಯಾರೂ ಬಾಕಿ ಕೇಳುವುದಿಲ್ಲ ಎಂಬ ನೆಮ್ಮದಿಯೇ ನಮ್ಮ ಅಕ್ಕತಂಗಿಯರನ್ನು ಹೆಚ್ಚು ಎಳೆಯುತ್ತದೆ. ಧಾರಣೆಯ ಹಲಗೆ ಹೊರಗೆ ತೂಗುಹಾಕಿರಿ, ತಕ್ಕಡಿ ಗಿರಾಕಿಯ ಕಣ್ಣೆದುರಿಗೆ ಇರಲಿ, ಉದ್ರಿ ಪುಸ್ತಕದ ಪ್ರತಿ ಗಿರಾಕಿಯ ಕೈಯಲ್ಲೂ ಇರಲಿ. ಇದಕ್ಕೆ ಬಂಡವಾಳವೇನೂ ಬೇಡ.

ಬಂಡವಾಳ ಬೇಕಾದಲ್ಲಿ ಏನು ಮಾಡಬೇಕು? ಇಂಗ್ಲಂಡಿನ ರಾಚ್‌ಡೇಲಿನಲ್ಲಿ 1844ರ ಡಿಸೆಂಬರ್ 21ರಂದು 28 ಜನ ಸೇರಿ ಒಂದು ಅಂಗಡಿ ತೆರೆದರು. ಅವರಲ್ಲಿ ನೇಕಾರರು ಹಲವರು. ತಲೆಗೊಂದು ಪೌಂಡಿನಂತೆ ಕೂಡಿಸಿದ 28 ಪೌಂಡೇ ಬಂಡವಾಳ. ಮಾರಾಟಕ್ಕಿಟ್ಟದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿ. ಕಲಬೆರಕೆ ಇಲ್ಲ, ತೂಕ ಪೂರ್ತಿ, ಉಳಿದ ಲಾಭ ಕೊಂಡವರಿಗೇ, ಕೊಂಡಷ್ಟಕ್ಕೆ ತಕ್ಕಂತೆ. ಜಗತ್ತಿನ ಗ್ರಾಹಕ ಸಹಕಾರ ಚಳವಳಿಗೆ ಮಾದರಿಯಾದದ್ದು ಆ ಅಂಗಡಿ. ಸಹಕಾರ ನಮಗೆ ಪರದೇಶದ ವಿದ್ಯೆಯೂ ಅಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. "ಸೂಪರ್ ಬಜಾರ್" ಎಂಬ ಮಾತು ದಿಲ್ಲಿಯಲ್ಲಿ ಮನೆಮಾತಾದದ್ದೂ ಯಾವುದೋ ಸೇಠರಿಂದಲ್ಲ. ರೂಪಾಯಿಯ ಅಪಮೌಲ್ಯವಾದ 1966ರಲ್ಲಿ ಬೆಲೆ ತಡೆಯಲೆಂದು ತೆರೆದ ಸಹಕಾರಿ ಮಳಿಗೆಯದು. ಅದು 2002ರಲ್ಲಿ ಮುಚ್ಚಿತು. ಸರಕಾರ ಮೇಲಿನಿಂದ ನಡೆಸಿದ ಸಹಕಾರದಲ್ಲಿ ಸದಸ್ಯನ ಕಣ್ಣು ಲೆಕ್ಕದ ಮೇಲೆ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ರಾಚ್‌ಡೇಲಿನವರು ಉದ್ರಿ ಕೊಡುತ್ತಿರಲಿಲ್ಲ. ಅದು ಅವರ ಗಟ್ಟಿ ನಿಯಮ. ಹಂಗಾಮಿ ಪಗಾರದ ನಮ್ಮ ನಾಡಿಗೆ ಅದು ಇದ್ದಂತೆಯೇ ಹೊಂದುವುದಿಲ್ಲ. ಆದ್ದರಿಂದ ನಾನು ಹೇಳುವುದು ಸ್ವಲ್ಪ ಬೇರೆ. ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ, ಮಗ್ಗ ಓಡುವ ವಾರಗಳಲ್ಲಿ, ಪ್ರತಿ ಮನೆಯವರೂ ಬಟವಡೆಯ ದಿನ 50 ರೂಪಾಯಿ ಕಟ್ಟಲಿ. ನೂರು ಮನೆಯಾದರೆ ವಾರಕ್ಕೆ 5,000, ಇಪ್ಪತ್ತು ವಾರಕ್ಕೆ ಒಂದು ಲಕ್ಷ. ಸುಗ್ಗಿಯಲ್ಲಿ ಜೋಳ ಸೋವಿ ಇದ್ದಾಗಲೇ ರೈತನಿಂದ ನೇರ, ಮಹಾಲಿಂಗಪುರದ ಪೇಟೆಯಿಂದ ಬೆಲ್ಲ, ಠೋಕ ಧಾರಣೆಯಲ್ಲಿ ಬೇಳೆ ನಗದು ಕೊಟ್ಟು ತರಲಿ. ಕೆಲಸ ನಿಂತಾಗ ಕಟ್ಟಿದ ರೊಕ್ಕವನ್ನು ಕಾಳಾಗಿ ಹಿಂದಕ್ಕೆ ಒಯ್ಯಲಿ. ಇಡುವುದೆಲ್ಲಿ, ತೂಗುವವರಾರು? ಹೊಸ ಮಳಿಗೆ ಕಟ್ಟುವುದು ಬೇಡ. ಓಣಿಯ ಕಿರಾಣಿಯವನೇ ಇಡಲಿ, ಅವನೇ ತೂಗಲಿ, ಕಿಲೋಗೆ ಇಷ್ಟು ಎಂದು ಗೊತ್ತುಮಾಡಿದ ಕಮಿಷನ್ ತೆಗೆದುಕೊಳ್ಳಲಿ. ಹತ್ತು ಅಂಗಡಿಯವರು ಕೂಡಿ ಒಂದೇ ಲಾರಿ ಮಾಲು ನಗದಿನಲ್ಲಿ ತರಿಸಿದರೆ ಅವರಿಗೂ ಧಾರಣೆ ಇಳಿಯುತ್ತದೆ. ಪಿ.ಕೆ.ಪಿ.ಎಸ್. ಸಂಘಗಳು ಗೊಬ್ಬರದ ಜೊತೆಗೆ ಈ ಕೆಲಸಕ್ಕೂ ಗೋದಾಮು ಕೊಡಬಾರದೇಕೆ?

ಸರಕಾರದ ಪಾಲಿನ ಕೆಲಸವನ್ನು ನಾವೇ ಹೊತ್ತುಕೊಂಡೆವೆಂದು ಯಾರೂ ತಿಳಿಯಬಾರದು. ನಮ್ಮದು ರೊಟ್ಟಿ ತಿನ್ನುವ ಸೀಮೆ. ಪಡಿತರದಲ್ಲಿ ಹೆಚ್ಚಾಗಿ ಬರುವುದು ಅಕ್ಕಿ, ಜೋಳವನ್ನು ಪೇಟೆಯಲ್ಲಿ ಕೊಳ್ಳಬೇಕು. ಪಡಿತರಕ್ಕೆ ಜೋಳ ಬರಬೇಕು, ಅದೂ ನಮ್ಮ ರೈತನಿಂದ ಬೆಂಬಲ ಬೆಲೆಗೆ ಕೊಂಡ ಜೋಳ. ಕೇರಳದಲ್ಲಿ ಸಪ್ಲೈಕೋ ಎಂಬ ಸರಕಾರಿ ನಿಗಮ 1974ರಿಂದ ಇದೆ. ಕೆಲವು ಆಹಾರ ಸಾಮಾನುಗಳನ್ನು ಇಳಿಸಿದ ಬೆಲೆಗೆ ಮಾರುತ್ತದೆ. ಮಾಲು ಸಿಗದ ಕಾಲವೂ ಅಲ್ಲಿ ಉಂಟು, ದೂರುಗಳೂ ಉಂಟು. ಆದರೆ ದೂರಲಿಕ್ಕಾದರೂ ಒಂದು ಅಂಗಡಿ ಇದೆ. ಕಾರ್ಖಾನೆಯ ಮಾಲಿನ ಬೆಲೆ ಅದರ ಉತ್ಪಾದನೆಯ ಖರ್ಚಿನ ಒಂದೂವರೆ ಪಟ್ಟು ಮೀರಬಾರದೆಂದು ಡಾ. ಲೋಹಿಯಾ ವಾದಿಸುತ್ತಿದ್ದರು. ಆ ಅಳತೆಗೋಲನ್ನು ಇಂದಿನ ಎಂ.ಆರ್.ಪಿ.ಗೆ ಹಿಡಿದರೆ ಎಷ್ಟು ಪೊಟ್ಟಣ ಪಾಸಾದಾವು? 1972ರಲ್ಲಿ ಮುಂಬಯಿಯಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ ಮುಂತಾದವರು ತುಟ್ಟಿಯ ವಿರುದ್ಧ ಸಾವಿರಾರು ಹೆಂಗಸರನ್ನು ಲಟ್ಟಣಿಗೆ ಹಿಡಿಸಿ ಬೀದಿಗಿಳಿಸಿದ್ದರು. ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುವುದು ಕೈಯಿಂದ, ಲಟ್ಟಣಿಗೆಯಿಂದಲ್ಲ. ಆ ಕೈಯ ಸಪ್ಪಳ ತಹಶೀಲದಾರರ ಕಚೇರಿಯವರೆಗೆ ಮುಟ್ಟಲಿಕ್ಕೆ ಅಡ್ಡಿಯೇನಿಲ್ಲ.

ಸದ್ಯಕ್ಕೆ ಒಂದು ಕೆಲಸ. ಮುಂದಿನ ನಾಲ್ಕು ವಾರ ಮನೆಯಲ್ಲಿ ಒಂದು ವಹಿ ಇಡಿರಿ. ಮಾರ್ಟು, ಸಂತೆ, ಮಗ್ಗುಲಂಗಡಿ, ಎಲ್ಲಿಂದ ಏನು ತಂದಿರಿ, ಕಿಲೋಗೆ ಎಷ್ಟು ಬಿತ್ತು, ನಗದೋ ಉದ್ರಿಯೋ ಎಂದು ಬರೆಯಿರಿ. ವ್ಯಾಪಾರಿಗಳು ತಾವು ಠೋಕದಲ್ಲಿ ಕೊಂಡ ಧಾರಣೆಯನ್ನು ಬರೆದಿಡಲಿ. ಆ ವಹಿಗಳನ್ನು ಸಾವಳಗಿಯಲ್ಲಿ ಇಬ್ಬರೂ ಒಂದೇ ಜಮಖಾನದ ಮೇಲೆ ಕೂತು ಬಿಚ್ಚಿ ನೋಡೋಣ. ಓದಲು ಬಾರದವರ ವಹಿಯನ್ನು ಓದಿ ಹೇಳಲು ನಾನು ಬರುತ್ತೇನೆ.