ಹಳಿಯ ಲಯಕ್ಕೆ ಕಿವಿಗೊಟ್ಟವರು

ಅರಸೀಕೆರೆ ಜಂಕ್ಷನ್ನಿನ ಊರು. ಬೆಂಗಳೂರು, ಹುಬ್ಬಳ್ಳಿ, ಹಾಸನದ ಹಳಿಗಳು ಕೂಡುವುದು ಇಲ್ಲೇ. ರೈಲಿನ ಸದ್ದಿನಲ್ಲೇ ಬೆಳೆದ ಈ ಸೀಮೆಯ ಓದುಗರಿಗೆ, ಸಂಗೀತಕ್ಕೆ ಮೀಸಲಾದ ಈ ಸಂಚಿಕೆಯಲ್ಲಿ ಒಂದು ಜರ್ಮನ್ ಆಲ್ಬಮ್ಮಿನ ಬಗ್ಗೆ ಹೇಳಲೇಬೇಕು. ಅದು ಕ್ರಾಫ್ಟ್‌ವರ್ಕ್ ತಂಡದ ‘ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್’, ಹೊರಬಂದದ್ದು 1977ರಲ್ಲಿ.

ಡ್ಯೂಸೆಲ್ಡಾರ್ಫ್ ನಗರದಲ್ಲಿ ರಾಲ್ಫ್ ಹ್ಯೂಟರ್, ಫ್ಲೋರಿಯಾನ್ ಷ್ನೈಡರ್ 1970ರಲ್ಲಿ ಕಟ್ಟಿದ ತಂಡವದು. ಸಿಂಥಸೈಜರ್, ಎಲೆಕ್ಟ್ರಾನಿಕ್ ಡ್ರಮ್, ಕೊಟ್ಟ ಸ್ವರಗಳನ್ನು ದಣಿಯದೆ ಮರಳಿ ಮರಳಿ ನುಡಿಸುವ ಸೀಕ್ವೆನ್ಸರ್ ಇವರ ವಾದ್ಯಗಳು. ಮಹಾಯುದ್ಧ ಮುಗಿದ ಹನ್ನೆರಡು ವರ್ಷಕ್ಕೆ, 1957ರಲ್ಲಿ, ಪಶ್ಚಿಮ ಯೂರೋಪಿನ ದೇಶಗಳ ನಡುವೆ ಓಡಾಡತೊಡಗಿದ ರೈಲುಗಳ ಹೆಸರನ್ನೇ ಆಲ್ಬಮ್ಮಿಗೆ ಇಟ್ಟರು. ಒಂದು ಕಾಲಕ್ಕೆ ಕಾದಾಡಿದ ಗಡಿಗಳನ್ನು ದಾಟುವ ಹಂಬಲ ಆ ಹೆಸರಿನಲ್ಲೇ ಇದೆ.

ಶೀರ್ಷಿಕೆ ಗೀತೆಯಲ್ಲಿ ಚಕ್ರದ ಓಟವೇ ತಾಳ. ಅದು ಎಲ್ಲೂ ನಿಲ್ಲದೆ ‘ಮೆಟಲ್ ಆನ್ ಮೆಟಲ್’ಗೆ ಹರಿಯುತ್ತದೆ; ಅಲ್ಲಿ ಲೋಹದ ಮೇಲೆ ಲೋಹ ಬೀಳುವ ಪೆಟ್ಟಿಗೇ ಅಗ್ರಸ್ಥಾನ. ಪ್ಯಾರಿಸಿನ ಪಿಯೆರ್ ಷೆಫರ್ 1948ರಲ್ಲೇ ನಿಜವಾದ ರೈಲಿನ ಸದ್ದುಗಳನ್ನು ಧ್ವನಿಮುದ್ರಿಸಿ, ಜೋಡಿಸಿ ಕೃತಿ ರಚಿಸಿದ್ದರು. ಕ್ರಾಫ್ಟ್‌ವರ್ಕ್ ಅದೇ ಲಯವನ್ನು ವಾದ್ಯಗಳಲ್ಲಿ ಹೊಸದಾಗಿ ಕಡೆದು ನಿಲ್ಲಿಸಿತು. ಯಂತ್ರದ ಸದ್ದನ್ನೇ ಸಂಗೀತವಾಗಿಸಿದ ಮುಂದಿನ ಇಂಡಸ್ಟ್ರಿಯಲ್ ಸಂಗೀತಗಾರರಲ್ಲಿ ಹಲವರಿಗೆ ಲೋಹದ ಆ ಪೆಟ್ಟು ದಾರಿ ತೋರಿತು. ನ್ಯೂಯಾರ್ಕಿನ ಹಿಪ್‌ಹಾಪ್ ಕಲಾವಿದ ಆಫ್ರಿಕಾ ಬಂಬಾಟಾ 1982ರ ‘ಪ್ಲಾನೆಟ್ ರಾಕ್’ನಲ್ಲಿ ಶೀರ್ಷಿಕೆ ಗೀತೆಯ ಧಾಟಿಯನ್ನೇ ಬಳಸಿದರು.

ಬರೀ ಒಂದನ್ನೇ ಬಾರಿಸುತ್ತಾರಲ್ಲ ಎಂದು ಮೊದಲ ಸಲ ಕೇಳಿದವರಿಗೆ ಅನಿಸಬಹುದು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಕೆಳಪಟ್ಟಿಯ ಆನೆಸಾಲೂ ದೂರಕ್ಕೆ ಒಂದೇ ಬಗೆಯಾಗಿ ಕಾಣುತ್ತದೆ. ಹತ್ತಿರ ಹೋಗಿ ನಿಂತರೆ ಸೊಂಡಿಲಿನ ತಿರುವು ಬೇರೆ, ಹೆಜ್ಜೆ ಬೇರೆ. ಈ ಸಂಗೀತ ಬೇಡುವುದೂ ಅಂಥದೇ ವ್ಯವಧಾನವನ್ನು. ತಾಳ ಕದಲುವುದಿಲ್ಲ, ಅದರ ಮೇಲೆ ಸ್ವರದ ಬಣ್ಣ, ಪೆಟ್ಟಿನ ತೂಕ ಬದಲಾಗುತ್ತಲೇ ಇರುತ್ತವೆ. ಅದನ್ನು ಹಿಡಿಯುವುದರಲ್ಲಿದೆ ರಸ.

ಹಳಿಗಳ ಸಂದಿಗೆ ಬೆಸುಗೆ ಬಿದ್ದ ಮೇಲೆ ರೈಲಿನ ಹಳೆಯ ಟಕಟಕ ನಮ್ಮಲ್ಲೂ ಬಹುಪಾಲು ಅಡಗಿದೆ. ಉಗಿಬಂಡಿಯ ಏದುಸಿರು ಎಂದೋ ಹೋಯಿತು. ದುಡಿಮೆಯ ಸದ್ದುಗಳು ಹೀಗೆ ಯಾರಿಗೂ ಹೇಳದೆ ಕಳೆದುಹೋಗುತ್ತವೆ. ತೆಂಗಿನ ನಾರು ಬಿಡಿಸುವ ಯಂತ್ರ, ಕೊಬ್ಬರಿ ಮಾರುಕಟ್ಟೆಯ ಹರಾಜಿನ ಕೂಗು, ಬೇಲೂರಿನ ಬಳಪದ ಕಲ್ಲಿಗೆ ತಾಗುವ ಉಳಿಯ ಸದ್ದು, ಇವುಗಳಲ್ಲೂ ಲಯವಿದೆ. ನಮ್ಮ ಯುವ ಸಂಗೀತಗಾರರು ಈ ಆಲ್ಬಮ್ಮನ್ನು ಕೇಳಲಿ. ಆಮೇಲೆ ಅದನ್ನು ಅನುಕರಿಸದೆ, ನಮ್ಮ ಸೀಮೆಯ ದುಡಿಮೆಯಿಂದ ತಮ್ಮದೇ ಕೃತಿಗಳನ್ನು ಕಟ್ಟಲಿ. ಅಂಥ ಪ್ರಯತ್ನಗಳಿಗೆ ಈ ಪತ್ರಿಕೆಯಲ್ಲಿ ಸದಾ ಜಾಗವಿದೆ.

– ಸಂಪಾದಕ