ಕರಡು ನಿಯಮ ಬಂದಾಗ ರೋಗಿಯ ಮನೆಯಿಂದಲೂ ಪತ್ರ ಹೋಗಲಿ

ಆಸ್ಪತ್ರೆ ಯಾವುದಕ್ಕೆ ಎಷ್ಟು ಹಣ ಪಡೆಯಬಹುದು, ಕ್ಲಿನಿಕ್ಕಿನ ಬೋರ್ಡಿನಲ್ಲಿ ಏನು ಬರೆದಿರಬೇಕು, ದೂರು ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ಸರಕಾರ ಕಾಯ್ದೆ ಮತ್ತು ನಿಯಮಗಳ ಮೂಲಕ ತೀರ್ಮಾನಿಸುತ್ತದೆ. ನಿಯಮ ಜಾರಿಗೆ ಬಂದ ಮೇಲೆ ನಾವು ಟೀ ಅಂಗಡಿಯಲ್ಲಿ ಕುಳಿತು ಅದು ಸರಿಯಿಲ್ಲ, ಇದು ಸರಿಯಿಲ್ಲ ಎನ್ನುತ್ತೇವೆ. ಆದರೆ ಅನೇಕ ನಿಯಮಗಳನ್ನು ಮಾಡುವ ಮೊದಲು ಸರಕಾರ ಜನರ ಅಭಿಪ್ರಾಯ ಕೇಳಿರುತ್ತದೆ. ಆ ಪ್ರಶ್ನೆ ನಮ್ಮ ಮನೆಗಳಿಗೆ ಮುಟ್ಟುವುದು ಅಪರೂಪ. ಮುಟ್ಟಿದರೂ ನಮ್ಮಿಂದ ಉತ್ತರ ಹೋಗುವುದಿಲ್ಲ.

ಇದರ ಕ್ರಮ ಹೀಗಿದೆ. ಪೂರ್ವಪ್ರಕಟಣೆಯ ನಂತರವೇ ನಿಯಮ ಮಾಡಬೇಕೆಂದು ಒಂದು ಕಾಯ್ದೆ ಹೇಳಿದ್ದರೆ, ಸರಕಾರ ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಆಕ್ಷೇಪಣೆ ಮತ್ತು ಸಲಹೆಗಳಿಗೆ ಗಡುವು ಕೊಡಬೇಕು. ಅದು ಕೆಲವೊಮ್ಮೆ 15 ದಿನ, ಹಲವು ಬಾರಿ 30 ದಿನ ಇರುತ್ತದೆ. ಗಡುವಿನೊಳಗೆ ಬಂದ ಪತ್ರಗಳನ್ನು ಪರಿಗಣಿಸಿಯೇ ಮುಂದುವರಿಯಬೇಕು. ಕರ್ನಾಟಕ ಸಾಮಾನ್ಯ ಖಂಡಗಳ ಅಧಿನಿಯಮ, 1899ರಲ್ಲಿ ಈ ಕ್ರಮವನ್ನು ಹೇಳಲಾಗಿದೆ. ಬರೆದದ್ದನ್ನೆಲ್ಲ ಒಪ್ಪಲೇಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ಓದದೆ ಬದಿಗಿಡಲು ಬರುವುದಿಲ್ಲ. ಕರಡನ್ನು ಬೆಂಬಲಿಸಿಯೂ ಬರೆಯಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ.

ಎಲ್ಲ ಆದೇಶಗಳಿಗೂ ಈ ಕ್ರಮವಿಲ್ಲ. 2024ರ ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರಕಾರ ನಿಷೇಧಿಸಿತು. ಪರೀಕ್ಷಿಸಿದ 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ಕಂಡುಬಂದಿದ್ದವು. ಮಕ್ಕಳು ತಿನ್ನುವ ಆಹಾರದ ವಿಷಯದಲ್ಲಿ ತಿಂಗಳುಗಟ್ಟಲೆ ಕಾಯಲಾಗದು, ಅದು ಸರಿಯೇ. ಆದರೆ ವರ್ಷಗಟ್ಟಲೆ ನಮ್ಮನ್ನು ಆಳುವ ನಿಯಮಗಳ ವಿಷಯ ಬೇರೆ.

ಖಾಸಗಿ ಆಸ್ಪತ್ರೆಗಳ ಕಾನೂನನ್ನೇ ನೋಡೋಣ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು. ಅಲೋಪತಿಯಷ್ಟೇ ಅಲ್ಲ, ನನ್ನಂಥ ಯುನಾನಿ ವೈದ್ಯರ ದವಾಖಾನೆಗಳೂ ಅದರಡಿ ನೋಂದಣಿಯಾಗಬೇಕು. 2017ರಲ್ಲಿ ಅದಕ್ಕೆ ತಿದ್ದುಪಡಿ ಮಸೂದೆ ಬಂದಾಗ ಏನಾಯಿತೆಂದು ನೆನಪಿರಬಹುದು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಹೊರರೋಗಿ ವಿಭಾಗಗಳನ್ನು ಮುಚ್ಚಿದರು. ಬೆಳಗಾವಿ ಅಧಿವೇಶನದ ಹೊತ್ತಿಗೆ ಅಲ್ಲಿ ಪ್ರತಿಭಟನೆ ನಡೆಯಿತು. ಮೊದಲ ಮಸೂದೆಯಲ್ಲಿದ್ದ ಜೈಲು ಶಿಕ್ಷೆಯ ಅಂಶ ಸಡಿಲವಾಯಿತು. ರೋಗಿಗಳ ಪರವಾಗಿ ಕೆಲವು ಸಂಘಟನೆಗಳು ಮಾತನಾಡಿದವು, ಆದರೆ ವೈದ್ಯರಿಗಿದ್ದ ಬಲ ಅವರಿಗಿರಲಿಲ್ಲ.

ಹಾಗಿದ್ದರೂ ಆ ತಿದ್ದುಪಡಿಯಿಂದ ರೋಗಿಗಳಿಗೆ ಒಳ್ಳೆಯದು ಕೆಲವು ದಕ್ಕಿದೆ. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟುಹಿಡಿಯುವಂತಿಲ್ಲ. ರೋಗಿ ತೀರಿಕೊಂಡರೆ ಬಿಲ್ಲು ಬಾಕಿಯಿದೆಯೆಂದು ದೇಹವನ್ನು ತಡೆದಿಡುವಂತಿಲ್ಲ, ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು. ಮಯ್ಯತ್ತನ್ನು ತಡಮಾಡದೆ ದಫನ ಮಾಡಬೇಕಾದ ನಮ್ಮ ಮನೆಗಳಿಗೆ ಈ ಒಂದು ಮಾತಿನ ಬೆಲೆ ಎಷ್ಟೆಂದು ವಿವರಿಸಬೇಕಾಗಿಲ್ಲ. ಇಂಥ ಸಾಲುಗಳು ಉಳಿಯಬೇಕು, ಇನ್ನಷ್ಟು ಗಟ್ಟಿಯಾಗಬೇಕು ಎಂದಾದರೆ ಅವು ಬೇಕಾದವರೇ ಕೇಳಬೇಕು. ನಾನು ವೈದ್ಯ. ನಮ್ಮ ಕಷ್ಟಗಳನ್ನು ಹೇಳಲು ನಮಗೆ ಸಂಘಗಳಿವೆ, ವಕೀಲರಿದ್ದಾರೆ. ರೋಗಿಗಳು ಬರೆಯದಿದ್ದರೆ ಅಧಿಕಾರಿಯ ಮೇಜಿನ ಮೇಲೆ ನಮ್ಮ ಪತ್ರಗಳು ಮಾತ್ರ ಇರುತ್ತವೆ.

ಬೆಂಗಳೂರಿನಲ್ಲಿ ಕುಳಿತವರಿಗೆ ತಾವಾಗಿ ಹೊಳೆಯದ ಸಂಗತಿಗಳೂ ಇರುತ್ತವೆ. ರಾಂಪುರ ಚಿತ್ರದುರ್ಗ ಜಿಲ್ಲೆಯಲ್ಲಿದೆ, ಆದರೆ ನಮಗೆ ಹತ್ತಿರದ ದೊಡ್ಡ ಊರು ಬಳ್ಳಾರಿ. ಹೆರಿಗೆಗೂ ಅಪಘಾತಕ್ಕೂ ಆ ಕಡೆಗೇ ಓಡುತ್ತೇವೆ. ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇರುವುದು ಜಿಲ್ಲೆಗೊಂದು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ. ಬಳ್ಳಾರಿಯ ಆಸ್ಪತ್ರೆಯ ಮೇಲಿನ ದೂರು ಬಳ್ಳಾರಿಯ ಪ್ರಾಧಿಕಾರಕ್ಕೇ ಹೋಗಬೇಕು. ದಿನಗೂಲಿ ಬಿಟ್ಟು ಇನ್ನೊಂದು ಜಿಲ್ಲೆಯ ಕಚೇರಿಗೆ ಎಷ್ಟು ಸಲ ಅಲೆಯಲು ಸಾಧ್ಯ? ರೋಗಿಯ ಸ್ವಂತ ತಾಲೂಕಿನ ಆರೋಗ್ಯಾಧಿಕಾರಿ ಕಚೇರಿಯಲ್ಲೇ ದೂರು ಪಡೆದು ಮುಂದಕ್ಕೆ ಕಳಿಸಬೇಕೆಂದು ನಿಯಮದಲ್ಲಿ ಸೇರಿಸಿ ಎಂಬ ಸಲಹೆ ಗಡಿಯ ಊರಿನಿಂದಲೇ ಹೋಗಬೇಕು.

ತಪ್ಪು ಜನರದೇ ಎಂದು ನಾನು ಹೇಳುತ್ತಿಲ್ಲ. ಕರಡುಗಳು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ, ಬಿದ್ದರೂ ಭಾಷೆ ಅರ್ಥವಾಗುವುದಿಲ್ಲ. 2020ರಲ್ಲಿ ಕೇಂದ್ರ ಸರಕಾರ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಹೊರಡಿಸಿದಾಗ ಇದೇ ಪ್ರಶ್ನೆ ಎದ್ದಿತು. ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಿಗೆ ಕರಡನ್ನು ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಹೇಳಿತು. ಕನ್ನಡವೂ ಉರ್ದುವೂ ಆ ಅನುಸೂಚಿಯಲ್ಲಿವೆ. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ಸಿಕ್ಕಿಲ್ಲವೆಂದು ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ನೀಡಿತು. ರಾಜ್ಯ ಸರಕಾರವೂ ಈ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಲಿ. ಆರೋಗ್ಯಕ್ಕೆ ಸಂಬಂಧಿಸಿದ ಪ್ರತಿ ಕರಡಿನ ಸರಳ ಕನ್ನಡ ಸಾರಾಂಶವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಗ್ರಾಮ ಪಂಚಾಯಿತಿಯ ಫಲಕದಲ್ಲೂ ಅಂಟಿಸಲಿ. ಗಡುವು 30 ದಿನಕ್ಕಿಂತ ಕಡಿಮೆ ಬೇಡ.

'ನಮ್ಮ ಒಂದು ಪತ್ರದಿಂದ ಏನಾದೀತು' ಎನ್ನುವವರಿದ್ದಾರೆ. 2024ರಲ್ಲಿ ವಕ್ಫ್ ತಿದ್ದುಪಡಿ ಮಸೂದೆಯ ಬಗ್ಗೆ ಸಂಸತ್ತಿನ ಜಂಟಿ ಸಮಿತಿ ಅಭಿಪ್ರಾಯ ಕೇಳಿದಾಗ ದೇಶದಾದ್ಯಂತ 97 ಲಕ್ಷಕ್ಕೂ ಹೆಚ್ಚು ಮನವಿಗಳು ಹೋದವು. ಕ್ಯೂಆರ್ ಕೋಡ್ ಒತ್ತಿ ಸಿದ್ಧಪಡಿಸಿದ್ದ ಪತ್ರವನ್ನೇ ಅನೇಕರು ಕಳಿಸಿದರು. ಮರುವರ್ಷ ಮಸೂದೆ ಕಾಯ್ದೆಯಾಯಿತು. ಸಂಖ್ಯೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ ಎಂಬುದು ನಿಜ. ಆದರೆ ನಮ್ಮ ಜನರಿಗೆ ಪತ್ರ ಕಳಿಸಲು ಬರುವುದಿಲ್ಲ ಎಂಬ ಮಾತು ಅಂದೇ ಸುಳ್ಳಾಯಿತು. ಆರೋಗ್ಯದ ನಿಯಮಗಳಿಗೂ ಆ ಕಾಳಜಿಯ ಸ್ವಲ್ಪ ಪಾಲು ಸಿಗಲಿ, ಈ ಸಲ ಪ್ರತಿ ಮನೆಯವರೂ ತಮ್ಮ ಸ್ವಂತ ಅನುಭವವನ್ನು ಬರೆಯಲಿ.

ಬರೆಯುವುದು ಕಷ್ಟವಲ್ಲ. ಒಂದು ಪುಟ ಸಾಕು. ಕರಡಿನ ಹೆಸರು, ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಯಾವ ನಿಯಮದ ಬಗ್ಗೆ ಹೇಳುತ್ತಿದ್ದೀರಿ ಎಂಬುದು ಮೊದಲು ಇರಲಿ. ಆ ನಿಯಮದಿಂದ ನಿಮ್ಮ ಮನೆಗೆ ಅಥವಾ ಊರಿಗೆ ಏನಾಗುತ್ತದೆ, ಅದರ ಬದಲು ಏನಿರಬೇಕು ಎಂದು ಕನ್ನಡದಲ್ಲೇ ಬರೆಯಿರಿ. ಸಹಿ, ವಿಳಾಸ ಹಾಕಿ ಅಧಿಸೂಚನೆಯಲ್ಲಿ ಹೇಳಿದ ಕಚೇರಿಗೆ ಗಡುವಿನೊಳಗೆ ಮುಟ್ಟುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲೂ ಪತ್ರ ಹೋಗಲಿ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ರಾತ್ರಿ ಕೂರುವವರು ಹೆಚ್ಚಾಗಿ ಅವರೇ.

ಅಂತಿಮ ನಿಯಮ ಬಂದ ಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, ಎಷ್ಟು ಆಕ್ಷೇಪಣೆ ಬಂದವು, ಅವುಗಳ ಮೇಲೆ ಏನು ತೀರ್ಮಾನವಾಯಿತು ಎಂದು ಕೇಳಬಹುದು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಅರ್ಜಿಯಲ್ಲಿ ಒಂದೇ ವಿಷಯವಿರಲಿ, 150 ಪದ ಮೀರದಿರಲಿ.

ಜಮಾಅತ್ ಕಮಿಟಿಗಳಲ್ಲಿ ನನ್ನ ಕೋರಿಕೆ ಇಷ್ಟು. ಓದಿದ ಒಬ್ಬ ಯುವಕನಿಗೋ ಯುವತಿಗೋ ವಾರಕ್ಕೊಮ್ಮೆ ಇ-ರಾಜ್ಯಪತ್ರ ಜಾಲತಾಣ ನೋಡುವ ಕೆಲಸ ವಹಿಸಿ. ಆರೋಗ್ಯ, ಆಹಾರ, ನೀರಿನ ಬಗ್ಗೆ ಕರಡು ಬಂದರೆ ಅದರ ಗಡುವಿನ ದಿನಾಂಕವನ್ನು ಜುಮಾ ನಂತರ ತಿಳಿಸಿ, ಮಸೀದಿಯ ಫಲಕದ ಮೇಲೂ ಬರೆಸಿ.