ರಿಪೇರಿ ಮೇಸ್ತ್ರಿಯ ಪಾಡು

ದೇಶಕ್ಕೆ ಮುಗ್ಗಟ್ಟು ಬಂದಾಗಲೆಲ್ಲ ನಷ್ಟದ ಲೆಕ್ಕವನ್ನು ದೊಡ್ಡ ಕಾರಖಾನೆ, ಬ್ಯಾಂಕು, ಬಿಲ್ಡರುಗಳ ಪುಸ್ತಕದಲ್ಲಿ ಹುಡುಕುವುದು ರೂಢಿಯಾಗಿಬಿಟ್ಟಿದೆ. ಯಾವ ಪುಸ್ತಕದಲ್ಲೂ ಹೆಸರಿಲ್ಲದ ಒಬ್ಬನ ವಿಚಾರವನ್ನು ನಾವು ಈ ವಾರ ಓದುಗರ ಮುಂದಿಡಬೇಕಾಗಿದೆ. ಅವನು ನಮ್ಮ ಮಲೆನಾಡಿನ ಊರುಗಳ ರಿಪೇರಿ ಮೇಸ್ತ್ರಿ.

ಹೆಂಚು ಕೈಯಾಡಿಸುವುದು, ಗೆದ್ದಲು ಹಿಡಿದ ರೀಪು ಬದಲಿಸುವುದು, ಸೋರುವ ತಾರಸಿಗೆ ಗಾರೆ ಹಾಕುವುದು, ಹಳೆಯ ಬಚ್ಚಲನ್ನು ಒಡೆದು ಹೊಸದು ಮಾಡುವುದು, ಮಗನ ಮದುವೆಗೆಂದು ಒಂದು ಕೋಣೆ ಕೂಡಿಸುವುದು, ಇವೇ ಅವನ ಕೆಲಸ. ಒಂದು ಹಳೆಯ ಬೈಕು, ಸಾರವೆ ಕಟ್ಟುವ ಮರಗಳು, ಸಿಮೆಂಟಿನ ಅಂಗಡಿಯಲ್ಲಿ ಸಾಲದ ಖಾತೆ, ಇಷ್ಟೇ ಅವನ ಬಂಡವಾಳ. ಅವನ ಹಿಂದೆ ಐದಾರು ಜನ ಗಾರೆಯವರು, ಬಡಗಿಗಳು, ಮರಳು ಹೊರುವ ಹೆಂಗಸರು. ಅವರ ಜೊತೆಯಲ್ಲಿ ತಾನೂ ಕರಣೆ ಹಿಡಿಯುತ್ತಾನೆ. ಆದರೆ ವಾರದ ಕೊನೆಗೆ ಬಟವಾಡೆ ಮಾಡಬೇಕಾದವನು ಅವನೇ.

ಈ ಕೆಲಸಕ್ಕೊಂದು ಸುಗ್ಗಿಯುಂಟು. ಯುಗಾದಿಯಿಂದ ಮುಂಗಾರು ಹಿಡಿಯುವವರೆಗಿನ ಎರಡು ಎರಡೂವರೆ ತಿಂಗಳಲ್ಲಿ ವರ್ಷದ ಗಂಜಿಗೆ ದಾರಿಯಾಗಬೇಕು. 2020ರಲ್ಲಿ ಲಾಕ್‌ಡೌನ್ ಆರಂಭವಾದದ್ದು ಮಾರ್ಚ್ 25ರಂದು, ಯುಗಾದಿಯ ದಿನವೇ. ಮರುವರ್ಷ ನಮ್ಮ ರಾಜ್ಯದಲ್ಲಿ ಏಪ್ರಿಲ್ 27ರಿಂದ ಮತ್ತೆ ಬಾಗಿಲು ಹಾಕಿತು. ಎರಡು ವರ್ಷದ ಸುಗ್ಗಿಗೂ ಪೆಟ್ಟು ಬಿತ್ತು. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಕಟ್ಟಡ ಕೆಲಸದ ಉತ್ಪನ್ನ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತೆಂದು ಸರಕಾರದ ಅಂಕಿ-ಅಂಶಗಳೇ ಹೇಳಿದವು. ಅದಕ್ಕೂ ಮೊದಲು, 2016ರ ನವೆಂಬರ್ 8ರ ರಾತ್ರಿ, 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾಗಿ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ 86 ಪಾಲು ಒಮ್ಮೆಲೇ ಕೈಬಿಟ್ಟುಹೋಗಿತ್ತು. ನಗದಿನಲ್ಲೇ ಕೂಲಿ ಕೊಡುವ ಮೇಸ್ತ್ರಿಯ ಬಟವಾಡೆ ಆಗ ಹೇಗೆ ನಡೆದಿರಬೇಕೆಂದು ಯಾರು ಬೇಕಾದರೂ ಊಹಿಸಬಹುದು.

ಆಪತ್ತು ಎಲ್ಲರಿಗೂ ಬಂತಲ್ಲವೇ ಎಂದು ಕೇಳುವವರಿದ್ದಾರೆ. ಬಂದದ್ದು ನಿಜ, ಆದರೆ ನೆರವು ಎಲ್ಲರಿಗೂ ಬರಲಿಲ್ಲ. 2020ರ ಏಪ್ರಿಲ್ 15ರಂದು ಹೊರಬಿದ್ದ ಕೇಂದ್ರ ಸರಕಾರದ ಮಾರ್ಗಸೂಚಿ, ಪಟ್ಟಣಗಳಲ್ಲಿ ಕೂಲಿಕಾರರು ಕಟ್ಟಡದ ಸ್ಥಳದಲ್ಲೇ ವಾಸವಾಗಿದ್ದರೆ ಮಾತ್ರ ಕೆಲಸ ಮುಂದುವರಿಸಬಹುದೆಂದಿತು. ಶೆಡ್ಡು ಹಾಕಿ ನೂರಾರು ಜನರನ್ನು ಇಟ್ಟುಕೊಂಡ ದೊಡ್ಡ ಬಿಲ್ಡರನಿಗೆ ಇದು ಅನುಕೂಲ. ಬೆಳಗ್ಗೆ ಬುತ್ತಿ ಹಿಡಿದು ಮನೆಯಿಂದ ಬಂದು ಸಂಜೆ ಮರಳುವ ರಿಪೇರಿ ಆಳಿಗೆ? ಅದೇ ವರ್ಷದ ಮೇ 5ರಂದು ಕಟ್ಟಡ ಉದ್ಯಮಿಗಳು ಮುಖ್ಯಮಂತ್ರಿಗಳನ್ನು ಕಂಡ ಬೆನ್ನಿಗೆ, ಹೊರರಾಜ್ಯದ ಕೂಲಿಕಾರರನ್ನು ಊರಿಗೆ ಒಯ್ಯಬೇಕಾಗಿದ್ದ ರೈಲುಗಳು ಬೇಡವೆಂದು ನಮ್ಮ ರಾಜ್ಯ ಸರಕಾರ ಹೇಳಿತು. ಜನರ ಆಕ್ರೋಶ ಕಂಡು ಎರಡೇ ದಿನದಲ್ಲಿ ಮಾತು ಬದಲಿಸಿದ್ದು ಬೇರೆ ಸಂಗತಿ. ಯಾರ ಮಾತು ವಿಧಾನಸೌಧಕ್ಕೆ ಬೇಗ ಕೇಳಿಸುತ್ತದೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಸಣ್ಣ ಉದ್ಯಮಗಳಿಗೆ ಜಾಮೀನಿಲ್ಲದ ಸಾಲವೆಂದು ಆ ಮೇ ತಿಂಗಳಲ್ಲಿ 3 ಲಕ್ಷ ಕೋಟಿ ರೂಪಾಯಿಯ ಘೋಷಣೆಯಾಯಿತು. ಅದರ ನಿಯಮವೇನು? ಫೆಬ್ರವರಿ 29ರಂದು ಬಾಕಿ ಇದ್ದ ಸಾಲದ ನೂರಕ್ಕೆ 20ರಷ್ಟು ಹೊಸ ಸಾಲ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಮೇಸ್ತ್ರಿಗೆ ಸೊನ್ನೆಯ ಮೇಲೆ ನೂರಕ್ಕೆ 20! ತೆರಿಗೆಯಲ್ಲೂ ಇದೇ ನ್ಯಾಯ. 2017ರ ಜುಲೈಯಿಂದ ಸಿಮೆಂಟಿಗೆ ನೂರಕ್ಕೆ 28ರ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಂದು ಅದು 18ಕ್ಕೆ ಇಳಿಯಿತು. ನೋಂದಾಯಿತ ಕಂಪನಿ ತಾನು ಕೊಟ್ಟ ತೆರಿಗೆಯನ್ನು ಲೆಕ್ಕದಲ್ಲಿ ಕಳೆದುಕೊಳ್ಳಬಲ್ಲದು. ನೋಂದಣಿಯಿಲ್ಲದ ಮೇಸ್ತ್ರಿಗೆ ಆ ದಾರಿಯಿಲ್ಲ.

ಇನ್ನು ಮುಗ್ಗಟ್ಟಿನಲ್ಲಿ ದರ ಇಳಿಸುವ ಪೈಪೋಟಿ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಲಕ್ಷದ ಕೆಲಸದಲ್ಲಿ ಸಾಮಾನಿಗೆ 50 ಸಾವಿರ, ಕೂಲಿಗೆ 40 ಸಾವಿರ, ಮೇಸ್ತ್ರಿಗೆ 10 ಸಾವಿರ ಎನ್ನಿ. ಕೈ ಬಿಗಿಯಾದ ಮನೆಯವರು 85 ಸಾವಿರಕ್ಕೆ ಕೇಳುತ್ತಾರೆ. ಅವರೂ ಸಂಬಳ ನಿಂತ ಗುಮಾಸ್ತರೋ ಶಿಕ್ಷಕರೋ ಆಗಿರಬಹುದು. ಒಪ್ಪದಿದ್ದರೆ ಪಕ್ಕದ ಬೀದಿಯ ಮೇಸ್ತ್ರಿ ಒಪ್ಪುತ್ತಾನೆ. ಅಂಗಡಿಯವನು ಬಿಡಿಗಾಸೂ ಬಿಡುವುದಿಲ್ಲ. ಮೇಸ್ತ್ರಿಯ 10 ಸಾವಿರ ಪೂರ್ತಿ ಹೋದರೂ ಇನ್ನೂ 5 ಸಾವಿರ ಸಾಲದು. ಅದು ಕೂಲಿಯಿಂದ ಬರಬೇಕು, ಇಲ್ಲವೇ ಗಾರೆಯಲ್ಲಿ ಸಿಮೆಂಟು ಕಡಿಮೆಯಾಗಬೇಕು. ಮೊದಲನೆಯದರಲ್ಲಿ ಆಳಿನ ಮಕ್ಕಳ ಅನ್ನ ಹೋಗುತ್ತದೆ. ಎರಡನೆಯದರಲ್ಲಿ ಆಷಾಢದ ಮಳೆಗೆ ಮನೆ ಮತ್ತೆ ಸೋರುತ್ತದೆ. ಅಗ್ಗದ ದರ ಯಾರಿಗೂ ಅಗ್ಗವಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು. ಊರಿನ ಮೇಸ್ತ್ರಿಗಳು ಮೊದಲು ಒಂದು ಕಡೆ ಕುಳಿತು, ಇದಕ್ಕಿಂತ ಕೆಳಗೆ ಕೂಲಿ ಇಳಿಸುವುದಿಲ್ಲವೆಂಬ ಗೆರೆ ಎಳೆಯಬೇಕು. ದುಡ್ಡಿಲ್ಲದ ಮನೆಯವರಿಗೆ ದರ ಕಡಿಮೆ ಮಾಡುವ ಬದಲು ಕೆಲಸ ಕಡಿಮೆ ಮಾಡಲಿ: ಈ ವರ್ಷ ಮಾಡು, ಬರುವ ವರ್ಷ ನೆಲ. ಬಾಯಿಮಾತಿನ ಒಪ್ಪಂದ ಸಾಲದು. ಯಾವ ಕೆಲಸ ಮುಗಿದಾಗ ಎಷ್ಟು ಹಣವೆಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಹಾಜರಿ ಪುಸ್ತಕವನ್ನು ತಪ್ಪದೆ ಇಡಲಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯ ಹಕ್ಕುಂಟು. 2020ರಲ್ಲಿ ನಮ್ಮ ರಾಜ್ಯದ ಮಂಡಳಿಯಿಂದ ಘೋಷಣೆಯಾದ 5,000 ರೂಪಾಯಿಯ ನೆರವು ನೋಂದಾಯಿತರಿಗೇ ಹೊರತು ಬೆವರು ಸುರಿಸಿದವರಿಗೆಲ್ಲ ಅಲ್ಲ.

ಒಬ್ಬೊಬ್ಬರೇ ನಿಂತರೆ ಇದೊಂದೂ ಆಗುವ ಮಾತಲ್ಲ. ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ 14 ಮಂದಿ ಕೂಡಿ ಊರಾಳುಂಗಲ್ ಕೂಲಿ ಗುತ್ತಿಗೆ ಸಹಕಾರ ಸಂಘ ಕಟ್ಟಿದರು. ಅದು ನೂರು ವರ್ಷ ದಾಟಿ ಇಂದು ರಸ್ತೆ, ಸೇತುವೆಗಳನ್ನು ಕಟ್ಟುತ್ತಿದೆ. ದುಡಿಯುವವರೇ ಅದರ ಒಡೆಯರು. ನಮ್ಮಲ್ಲೂ 1959ರ ಸಹಕಾರ ಸಂಘಗಳ ಕಾಯಿದೆ ಇದೆ. ಕಾಯಿದೆಗೆ ಬರವಿಲ್ಲ, ಕೂಡುವ ಮನಸ್ಸಿಗೆ ಬರ.

ಸರಕಾರದ ಪಾಲೂ ಇದೆ. ಮುಗ್ಗಟ್ಟಿನಲ್ಲಿ ಕೆಲಸ ಕೊಡಬೇಕೆಂದರೆ ಮೇಲ್ಸೇತುವೆಗಿಂತ ರಿಪೇರಿ ಮೇಲು. ಅದರಲ್ಲಿ ಯಂತ್ರದ ಪಾಲು ಕಡಿಮೆ, ಕೈಯ ಪಾಲು ಹೆಚ್ಚು. ಹಣ ಊರಿನಲ್ಲೇ ಉಳಿಯುತ್ತದೆ. ಸೋರುವ ಶಾಲೆ, ಅಂಗನವಾಡಿ, ಹಾಸ್ಟೆಲುಗಳು ಎಲ್ಲ ತಾಲ್ಲೂಕಿನಲ್ಲೂ ಇವೆ. ಆದರೆ ಹತ್ತು ಶಾಲೆಗಳನ್ನು ಒಂದೇ ಗಂಟು ಕಟ್ಟಿ ಟೆಂಡರು ಕರೆದರೆ ಠೇವಣಿ ಕಟ್ಟುವ ದೊಡ್ಡ ಕಂಟ್ರಾಕ್ಟರನೇ ಅದನ್ನು ಹೊತ್ತೊಯ್ಯುತ್ತಾನೆ. ಮೇಸ್ತ್ರಿ ಅವನ ಕೈಕೆಳಗಿನ ಆಳಾಗುತ್ತಾನೆ. ಒಂದೊಂದು ಶಾಲೆಯನ್ನು ಒಂದೊಂದು ಸಂಘಕ್ಕೆ ಕೊಡಿ. ಕೆಲಸ ಮುಗಿದ ತಿಂಗಳೊಳಗೆ ಬಿಲ್ಲು ಪಾವತಿ ಮಾಡಿ. ಮುಂದಿನ ಮುಗ್ಗಟ್ಟು ಹೇಳಿ ಬರುವುದಿಲ್ಲ. ಪುರಸಭೆ, ಜಿಲ್ಲಾ ಪಂಚಾಯತಿಗಳು ಈ ಪಟ್ಟಿಯನ್ನು ಇಂದೇ ಸಿದ್ಧಮಾಡಿ ಇಟ್ಟುಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ.